ಬೇಡದವರನ್ನು ಕೆಡವಿದ ಮೇಲೆ ಯಾರು?

ಹಾವೇರಿ ಜಿಲ್ಲೆಯ ಹಿರೇಕೆರೂರು ವಿಧಾನಸಭಾ ಕ್ಷೇತ್ರದ ಈಚಿನ ನಾಲ್ಕು ಚುನಾವಣೆಗಳನ್ನು ಸಾಲಾಗಿ ಇಟ್ಟುಕೊಂಡು ನೋಡಬೇಕು. 2013ರಲ್ಲಿ ಯು.ಬಿ. ಬಣಕಾರರು ಯಡಿಯೂರಪ್ಪನವರ ಕೆಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರನ್ನು ಸೋಲಿಸಿದರು. 2018ರಲ್ಲಿ ಅದೇ ಪಾಟೀಲರು ಕಾಂಗ್ರೆಸ್ಸಿನಿಂದ, ಅದೇ ಬಣಕಾರರು ಬಿಜೆಪಿಯಿಂದ ನಿಂತರು. ಪಾಟೀಲರು ಗೆದ್ದದ್ದು ಬರೀ 555 ಮತಗಳಿಂದ. ಮರುವರ್ಷ ಜುಲೈನಲ್ಲಿ ಪಾಟೀಲರು ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಇತರ ಶಾಸಕರ ಜೊತೆ ರಾಜೀನಾಮೆ ಕೊಟ್ಟರು, ಸಭಾಧ್ಯಕ್ಷರಿಂದ ಅನರ್ಹರಾದರು, ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಿಜೆಪಿ ಟಿಕೆಟ್ಟಿನಿಂದ ನಿಂತು 29,067 ಮತಗಳ ಅಂತರದಲ್ಲಿ ಆರಿಸಿ ಬಂದರು, ಕೃಷಿ ಸಚಿವರಾದರು. ಬಣಕಾರರು 2022ರಲ್ಲಿ ಕಾಂಗ್ರೆಸ್ ಸೇರಿ, 2023ರಲ್ಲಿ ಆ ಪಕ್ಷದ ಅಭ್ಯರ್ಥಿಯಾಗಿ ಪಾಟೀಲರನ್ನು ಸುಮಾರು 15 ಸಾವಿರ ಮತಗಳಿಂದ ಸೋಲಿಸಿದರು. ಐದೇ ವರ್ಷದಲ್ಲಿ ಇಬ್ಬರೂ ಪಕ್ಷಗಳನ್ನು ಅದಲು ಬದಲು ಮಾಡಿಕೊಂಡಿದ್ದರು. ಪಕ್ಷ ಬದಲಿಸಿದವರು ಕರ್ನಾಟಕದಲ್ಲಿ ಇವರಿಬ್ಬರೇ ಅಲ್ಲ; ಇಬ್ಬರನ್ನೂ ದೂರುವುದು ಈ ಬರಹದ ಉದ್ದೇಶವೂ ಅಲ್ಲ. ನನಗೆ ಮುಖ್ಯವಾಗಿರುವುದು ಮತದಾರರ ಪಾಡು. 2018ರಲ್ಲಿ ಪಾಟೀಲರು ಬೇಡ ಎಂಬ ಒಂದೇ ಕಾರಣಕ್ಕೆ ಕಮಲದ ಗುರುತಿಗೆ ಒತ್ತಿದವರೊಬ್ಬರು ಸುಮಾರು ಹತ್ತೊಂಬತ್ತು ತಿಂಗಳ ಬಳಿಕ ಮತಗಟ್ಟೆಗೆ ಹೋದಾಗ, ಬೇಡವಾಗಿದ್ದ ಹೆಸರು ಅದೇ ಕಮಲದ ಪಕ್ಕದಲ್ಲಿತ್ತು. ಕಾಂಗ್ರೆಸ್ ಬೇಡ ಎಂದು ಬಣಕಾರರನ್ನು ಬೆಂಬಲಿಸಿದವರಿಗೆ 2023ರಲ್ಲಿ ಅವರ ಹೆಸರೇ ಕೈ ಗುರುತಿನ ಪಕ್ಕದಲ್ಲಿ ಸಿಕ್ಕಿತು.

ನಾಯಕರೊಬ್ಬರು ಇಷ್ಟವಿಲ್ಲ ಎನ್ನುವುದು ಅವರ ಎದುರಾಳಿಗೆ ಮತ ಹಾಕಲು ಸಾಕಾದ ಕಾರಣವೇ? ಶಿಗ್ಗಾಂವಿ ತಾಲೂಕಿನ ದುಂಡಸಿಯಲ್ಲಿರಲಿ, ಹಾನಗಲ್ಲಿನಲ್ಲಿರಲಿ, ಸವಣೂರಿನಲ್ಲಿರಲಿ, ಚುನಾವಣೆ ಹತ್ತಿರ ಬಂದಾಗ ಕಟ್ಟೆಯ ಮೇಲೆ ನಡೆಯುವ ಮಾತಿನಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ತೀರ್ಮಾನವಾಗಿರುತ್ತದೆ. ‘ಈ ಸಲ ಅವರನ್ನ ಕೆಡವೋದ ಸೈ’ ಎಂಬ ಮಾತು ಹುಟ್ಟಿತೆಂದರೆ, ಕೆಡವಿದ ಮೇಲೆ ಯಾರು ಬರುತ್ತಾರೆ ಎಂಬುದರ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಪತ್ರಿಕೆಗಳು ಇದನ್ನೇ ಆಡಳಿತ ವಿರೋಧಿ ಅಲೆ ಎನ್ನುತ್ತವೆ. ನನ್ನ ವಾದ ಇಷ್ಟು: ಇಷ್ಟವಿಲ್ಲದಿರುವುದು ವಿಚಾರ ಶುರು ಮಾಡುವುದಕ್ಕೆ ಸಾಕು, ಮತ ಕೊಡುವುದಕ್ಕೆ ಸಾಲದು. ನಮಗೆ ಹಿಡಿಸದೇ ಹೋದದ್ದು ಯಾವ ಕೆಲಸ ಎಂದು ಗುರುತಿಸಿ, ಆ ಕೆಲಸವನ್ನು ಎದುರಾಳಿ ಬೇರೆ ಥರ ಮಾಡಿಯಾರು ಎಂದು ನಂಬಲು ಏನಾದರೂ ಆಧಾರ ಸಿಕ್ಕಾಗ ಮಾತ್ರ ನಮ್ಮ ಅಸಮಾಧಾನ ಮತಕ್ಕೆ ಕಾರಣವಾಗಬಲ್ಲದು. ಆ ಎರಡನೆಯ ಹೆಜ್ಜೆ ಇಡದೆ ಹಾಕಿದ ಮತ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ತಿಳಿಯಲು ಹಾವೇರಿ ಜಿಲ್ಲೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಮೊದಲು ಯಂತ್ರವನ್ನೇ ನೋಡೋಣ. ಬ್ಯಾಲೆಟ್ ಯುನಿಟ್ಟಿನ ಮೇಲೆ ಅಭ್ಯರ್ಥಿಯ ಹೆಸರು, ಫೋಟೊ, ಚಿಹ್ನೆ, ಪಕ್ಕದಲ್ಲಿ ಒಂದು ನೀಲಿ ಗುಂಡಿ. ಒತ್ತಿದರೆ ವಿವಿಪ್ಯಾಟಿನ ಕಿಟಕಿಯಲ್ಲಿ ಏಳು ಸೆಕೆಂಡು ಒಂದು ಚೀಟಿ ಕಾಣುತ್ತದೆ. ಅದರಲ್ಲಿ ಇರುವುದು ನೀವು ಆರಿಸಿದವರ ಕ್ರಮಸಂಖ್ಯೆ, ಹೆಸರು ಮತ್ತು ಚಿಹ್ನೆ. ನೀವು ಯಾರನ್ನು ಬೇಡ ಎಂದುಕೊಂಡು ಬಂದಿರೋ ಅವರ ಹೆಸರು ಅದರಲ್ಲಿ ಇರುವುದಿಲ್ಲ. ಒಬ್ಬರ ಖಾತೆಯಿಂದ ಒಂದು ಮತ ಕಳೆಯುವ ಗುಂಡಿ ಆ ಯಂತ್ರದಲ್ಲಿಲ್ಲ. ಮುಖ್ಯಮಂತ್ರಿ ಅಥವಾ ಪ್ರಧಾನಿಯ ಮೇಲಿನ ಸಿಟ್ಟಿನಿಂದ ಒತ್ತಿದರೂ, ಒಪ್ಪಿ ಮೆಚ್ಚಿ ಒತ್ತಿದರೂ ಎಣಿಕೆಯ ದಿನ ಎರಡಕ್ಕೂ ಒಂದೇ ಬೆಲೆ. ಗೆದ್ದವರು ಅದನ್ನು ತಮಗೆ ಸಿಕ್ಕ ಒಪ್ಪಿಗೆ ಎಂದೇ ಎಣಿಸುತ್ತಾರೆ. ಹಾಗೆ ಎಣಿಸಲು ಅವರಿಗೆ ಹಕ್ಕೂ ಇದೆ. ಕೆಡವುವ ಮತ ಎಂದು ನಾವು ತಿಳಿದಿರುವುದು ಕಾನೂನಿನ ಕಣ್ಣಿನಲ್ಲಿ ಐದು ವರ್ಷದ ನೇಮಕಾತಿ.

ಹಿರೇಕೆರೂರಿನ ಜೊತೆ ರಾಯಚೂರು ಜಿಲ್ಲೆಯ ಮಸ್ಕಿಯನ್ನು ಇಟ್ಟು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದ್ದರು. ಪ್ರತಾಪಗೌಡರೂ 2019ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ತುರ್ವಿಹಾಳರು ಕಾಂಗ್ರೆಸ್ಸಿಗೆ ಬಂದರು. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ತುರ್ವಿಹಾಳರು 30,606 ಮತಗಳ ಅಂತರದಿಂದ ಗೆದ್ದರು. ಒಂದೇ ರಾಜಕೀಯ ಘಟನೆ, ಒಂದೇ ಬಗೆಯ ಪಕ್ಷಾಂತರ. ಹಿರೇಕೆರೂರು ಅದಕ್ಕೆ 29 ಸಾವಿರದ ಗೆಲುವು ಕೊಟ್ಟಿತು, ಮಸ್ಕಿ 30 ಸಾವಿರದ ಸೋಲು ಕೊಟ್ಟಿತು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಶಾಸಕರ ಅನರ್ಹತೆಯನ್ನು ಎತ್ತಿಹಿಡಿದರೂ ಅವರು ಮತ್ತೆ ಸ್ಪರ್ಧಿಸಬಹುದು ಎಂದಿತ್ತು. ಅಂದರೆ ತೀರ್ಪು ಕೊಡುವ ಕೆಲಸ ಮತದಾರರ ಹೆಗಲಿಗೆ ಬಂದಿತ್ತು. ಹಿರೇಕೆರೂರಿನವರು ಆಳುವ ಪಕ್ಷದ ಶಾಸಕ, ಮುಂದೆ ಸಚಿವ, ಅದರಿಂದ ಕ್ಷೇತ್ರಕ್ಕೆ ಅನುಕೂಲ ಎಂದು ಲೆಕ್ಕ ಹಾಕಿರಬಹುದು. ಆ ಲೆಕ್ಕವನ್ನು ತಪ್ಪೆಂದು ಬೆಂಗಳೂರಿನಲ್ಲಿ ಕೂತವರು ಹೇಳುವುದು ಸುಲಭ. ಆದರೆ ಒಂದನ್ನು ಗಮನಿಸಬೇಕು. ಪಕ್ಷಾಂತರ ತಪ್ಪು ಎಂಬುದೇ ಒಬ್ಬರ ತಕರಾರಾಗಿದ್ದರೆ, ಆ ತಕರಾರಿಗೆ ಉತ್ತರ ಕೊಡಬಲ್ಲ ಎದುರಾಳಿ ಎರಡೂ ಕಡೆ ಸಿಗುವುದು ಕಷ್ಟವಾಗಿತ್ತು. 2023ರಲ್ಲಿ ಹಿರೇಕೆರೂರಿನಲ್ಲಿ ಎದುರು ಬದುರಾದ ಇಬ್ಬರೂ ಪಕ್ಷ ಬದಲಿಸಿ ಬಂದವರೇ. ಅಲ್ಲಿ ಪಕ್ಷಾಂತರದ ಮೇಲಿನ ಸಿಟ್ಟೊಂದನ್ನೇ ಹಿಡಿದು ಹೊರಟವರಿಗೆ ದಾರಿ ಕಾಣುತ್ತಿರಲಿಲ್ಲ; ಬೇರೆ ಯಾವುದಾದರೂ ಅಳತೆ ಬೇಕೇ ಬೇಕಿತ್ತು.

ಹಾನಗಲ್ಲಿನ ಕತೆ ಇನ್ನೂ ಹಳೆಯದು, ಇನ್ನೂ ಕುತೂಹಲದ್ದು. 1978ರಿಂದ 2018ರವರೆಗೆ ಅಲ್ಲಿ ಹತ್ತು ಸಾರ್ವತ್ರಿಕ ಚುನಾವಣೆಗಳು ನಡೆದವು. ಹತ್ತರಲ್ಲೂ ಗೆದ್ದದ್ದು ಇಬ್ಬರೇ. ಮನೋಹರ ತಹಶೀಲ್ದಾರರು 1978, 1989, 1999 ಮತ್ತು 2013ರಲ್ಲಿ, ಸಿ.ಎಂ. ಉದಾಸಿಯವರು 1983, 1985, 1994, 2004, 2008 ಮತ್ತು 2018ರಲ್ಲಿ. ತಹಶೀಲ್ದಾರರು ನಾಲ್ಕು ಸಲವೂ ಕಾಂಗ್ರೆಸ್ಸಿನಿಂದ. ಉದಾಸಿಯವರು ಮೊದಲು ಪಕ್ಷೇತರ, ಆಮೇಲೆ ಜನತಾ ಪಕ್ಷ, ಜನತಾದಳ, ಬಿಜೆಪಿ. 2013ರಲ್ಲಿ ಕೆಜೆಪಿಯಿಂದ ನಿಂತು ಸೋತವರು ಮತ್ತೆ ಬಿಜೆಪಿಯಿಂದ ಗೆದ್ದರು. ನಲವತ್ತು ವರ್ಷ ಒಂದು ತಾಲೂಕಿನ ಬೇಸರ ಒಬ್ಬರಿಂದ ಇನ್ನೊಬ್ಬರಿಗೆ, ಇನ್ನೊಬ್ಬರಿಂದ ಮತ್ತೆ ಮೊದಲಿನವರಿಗೆ ಓಡಾಡಿತು. ಇದರಲ್ಲಿ ಲಾಭವೇ ಇಲ್ಲ ಎನ್ನಲಾರೆ. ಸೋತವರು ಊರು ಬಿಟ್ಟು ಹೋಗಿಲ್ಲ, ಇಲ್ಲೇ ಕಾಯುತ್ತಿದ್ದಾರೆ ಎಂಬ ಅರಿವು ಗೆದ್ದವರನ್ನು ಎಚ್ಚರದಲ್ಲಿ ಇಡುತ್ತದೆ. ಶಾಸಕರ ಮನೆಯ ಬಾಗಿಲು ಜನರಿಗೆ ತೆರೆದೇ ಇರುವುದಕ್ಕೆ ಅದೂ ಒಂದು ಕಾರಣ. ಆದರೆ ಇದೇ ಸರಣಿ ಇನ್ನೊಂದನ್ನೂ ಹೇಳುತ್ತದೆ. ಬೇಡದವರನ್ನು ಕೆಡವುವುದೇ ಮತದ ಕೆಲಸ ಎಂದಾದಾಗ ಮೂರನೆಯವರು ಮೇಲೆ ಬರುವ ದಾರಿ ಕಿರಿದಾಗುತ್ತದೆ. ಎರಡನೆಯ ಸ್ಥಾನದಲ್ಲಿ ಇರುವವರು ಏನೂ ಮಾಡದೆ ಕೂತಿದ್ದರೂ ಮೊದಲಿನವರ ಮೇಲೆ ಜನಕ್ಕೆ ಬೇಸರ ಬರುವವರೆಗೆ ಕಾದರೆ ಸಾಕು ಎಂಬ ಸ್ಥಿತಿ ಬರಬಹುದು. ಹಾನಗಲ್ಲಿನ ಆ ಇಬ್ಬರು ಹಾಗೆ ಕೂತರು ಎಂದು ನಾನು ಹೇಳುತ್ತಿಲ್ಲ. ಬೇಸರವನ್ನೇ ನಂಬಿದ ಮತದಾನ ಎದುರಾಳಿಯಿಂದ ಕೆಲಸವನ್ನು ಕೇಳುವುದಿಲ್ಲ ಎಂದು ಮಾತ್ರ ಹೇಳುತ್ತಿದ್ದೇನೆ.

ಆ ಸರಣಿ ಮುರಿದದ್ದು ಹೇಗೆ ಎಂಬುದರಲ್ಲೇ ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ ಇದೆ. ಉದಾಸಿಯವರು 2021ರ ಜೂನ್‌ನಲ್ಲಿ ತೀರಿಕೊಂಡರು. ಅಕ್ಟೋಬರ್ 30ರಂದು ಹಾನಗಲ್ಲಿನಲ್ಲಿ ಉಪಚುನಾವಣೆ ನಡೆಯಿತು. ಪಕ್ಕದ ಶಿಗ್ಗಾಂವಿಯ ಶಾಸಕ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಆಗ ಮೂರು ತಿಂಗಳು. ಜಿಲ್ಲೆಯವರೇ ಮುಖ್ಯಮಂತ್ರಿ, ಆಳುವ ಪಕ್ಷ ಅವರದೇ. ಆದರೂ ಗೆದ್ದದ್ದು ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ, 7,373 ಮತಗಳಿಂದ. ಇದನ್ನು ಮುಖ್ಯಮಂತ್ರಿಯ ಮೇಲಿನ ಅಸಮಾಧಾನ ಎಂದು ಆಗ ಕೆಲವರು ಓದಿದರು. ಆದರೆ ಅದೇ ದಿನ, ಅದೇ ಮುಖ್ಯಮಂತ್ರಿಯ ಕೆಳಗೆ, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲೂ ಉಪಚುನಾವಣೆ ನಡೆದು ಬಿಜೆಪಿಯ ರಮೇಶ ಭೂಸನೂರರು 31,185 ಮತಗಳಿಂದ ಗೆದ್ದಿದ್ದರು. ಒಬ್ಬನೇ ನಾಯಕ, ಒಂದೇ ದಿನ, ಎರಡು ವಿರುದ್ಧ ತೀರ್ಪು. ನಾಯಕನ ಮೇಲಿನ ಪ್ರೀತಿ ಅಥವಾ ಸಿಟ್ಟಿನಿಂದ ಇದನ್ನು ವಿವರಿಸಲು ಆಗುವುದಿಲ್ಲ. ಮಾನೆಯವರು 2018ರಲ್ಲಿ ಉದಾಸಿಯವರ ಎದುರು 6,514 ಮತಗಳಿಂದ ಸೋತಿದ್ದರು. ಸೋತ ಮೇಲೂ ಕ್ಷೇತ್ರದಲ್ಲೇ ಓಡಾಡಿಕೊಂಡಿದ್ದದ್ದು, ಕೋವಿಡ್ ಕಾಲದಲ್ಲಿ ಜನರ ನೆರವಿಗೆ ನಿಂತದ್ದು ಆಗಿನ ಚುನಾವಣಾ ವರದಿಗಳಲ್ಲೆಲ್ಲ ಬಂದಿತ್ತು. ಹಾನಗಲ್ಲಿನ ಮತದಾರರಿಗೆ ಎದುರಾಳಿಯನ್ನು ಅಳೆಯಲು ಮೂರು ವರ್ಷದ ಕೆಲಸ ಕಣ್ಣ ಮುಂದೆ ಇತ್ತು. ಯಾರ ಮೇಲೆ ಸಿಟ್ಟಿದ್ದರೂ ಇಲ್ಲದಿದ್ದರೂ ಅದು ಸ್ವತಂತ್ರವಾಗಿ ನಿಲ್ಲುವ ಕಾರಣ.

ಕರ್ನಾಟಕದ ಮತದಾರರು ಹೀಗೆ ಬಿಡಿಸಿ ನೋಡಬಲ್ಲರು ಎಂಬುದಕ್ಕೆ ಹಿಂದಿನ ದೊಡ್ಡ ನಿದರ್ಶನ 1984–85ರದು. ಇಂದಿರಾ ಗಾಂಧಿಯವರ ಹತ್ಯೆಯ ನಂತರ ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ತಮ್ಮ ಪಕ್ಷಕ್ಕೆ ಜನರ ಒಪ್ಪಿಗೆ ಉಳಿದಿಲ್ಲ ಎಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ವಿಧಾನಸಭೆಗೆ ಮತ್ತೆ ಚುನಾವಣೆ ಕೇಳಿದರು. ಮೂರು ತಿಂಗಳೊಳಗೆ, 1985ರ ಮಾರ್ಚ್‌ನಲ್ಲಿ, ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂಬುದನ್ನು ಬೇರೆ ಬೇರೆಯಾಗಿ ತೂಗಿದ ಮತ ಅದು. ಆಮೇಲಿನ ಚರಿತ್ರೆ ಅಷ್ಟು ಸೊಗಸಾಗಿಲ್ಲ. 1985ರ ನಂತರ ಆಳುತ್ತಿದ್ದ ಪಕ್ಷವನ್ನು ಕರ್ನಾಟಕ ಒಮ್ಮೆಯೂ ಮತ್ತೆ ಬಹುಮತ ಕೊಟ್ಟು ಕೂರಿಸಿಲ್ಲ. 1989, 1994, 1999, 2004, 2008, 2013, 2018, 2023, ಪ್ರತಿ ಸಲವೂ ಇದ್ದವರು ಬಹುಮತ ಕಳೆದುಕೊಂಡರು ಇಲ್ಲವೇ ಹೊಸಬರು ಬಂದರು. ಕೆಡವುವುದರಿಂದಲೇ ಆಡಳಿತ ಸುಧಾರಿಸುವುದಾಗಿದ್ದರೆ, ಇಷ್ಟು ನಿಯಮಿತವಾಗಿ ಕೆಡವಿದ ರಾಜ್ಯದಲ್ಲಿ ಜನರ ಬೇಸರ ಇಷ್ಟು ಹೊತ್ತಿಗೆ ಕಡಿಮೆಯಾಗಬೇಕಿತ್ತು.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಪ್ರಜಾಪ್ರಭುತ್ವದ ಸಾರವೇ ಕೆಡವುವುದರಲ್ಲಿದೆ ಎನ್ನುವವರಿದ್ದಾರೆ. ತತ್ವಜ್ಞಾನಿ ಕಾರ್ಲ್ ಪಾಪರ್ 1945ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಯಾರು ಆಳಬೇಕು ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಕೆಟ್ಟ ಆಳ್ವಿಕೆಯನ್ನು ರಕ್ತಪಾತವಿಲ್ಲದೆ ಕೆಳಗಿಳಿಸುವುದು ಹೇಗೆ ಎಂದು ಕೇಳಿದ. ನಮ್ಮ ದೇಶದಲ್ಲಿ 1977 ಅದಕ್ಕೆ ಉತ್ತರದಂತಿತ್ತು. ತುರ್ತು ಪರಿಸ್ಥಿತಿ ಹೇರಿದ ಸರ್ಕಾರವನ್ನು ಉತ್ತರ ಭಾರತ ಗುಡಿಸಿ ಹಾಕಿತು. (ಕರ್ನಾಟಕ ಆಗ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತ್ತು ಎಂಬುದನ್ನು ನಾವು ಮರೆಯಬಾರದು.) ಈ ಆಕ್ಷೇಪದ ಮುಕ್ಕಾಲು ಪಾಲು ನನಗೆ ಒಪ್ಪಿಗೆ. ಕೆಳಗಿಳಿಸುವ ಅಧಿಕಾರ ಇಲ್ಲದ ಕಡೆ ಉಳಿದ ಯಾವ ಅಧಿಕಾರವೂ ಇರುವುದಿಲ್ಲ. ಆದರೆ 1977ನ್ನೇ ಹತ್ತಿರದಿಂದ ನೋಡಿ. ಜನರ ಸಿಟ್ಟು ಒಂದು ನಿರ್ದಿಷ್ಟ ಕೃತ್ಯದ ಮೇಲಿತ್ತು: ಜೈಲು, ಪತ್ರಿಕೆಗಳ ಸೆನ್ಸಾರ್, ಬಲವಂತದ ಸಂತಾನಹರಣ ಚಿಕಿತ್ಸೆ. ಜನತಾ ಪಕ್ಷ ಅದನ್ನೇ ತೊಡೆದುಹಾಕುವ ಮಾತು ಕೊಟ್ಟಿತ್ತು. 1978ರ 44ನೇ ತಿದ್ದುಪಡಿ ಆ ಮಾತನ್ನು ಸಂವಿಧಾನದೊಳಕ್ಕೆ ತಂದಿತು. ‘ಆಂತರಿಕ ಕ್ಷೋಭೆ’ಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರುವ ದಾರಿ ಅಂದಿಗೆ ಮುಚ್ಚಿತು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡಲು ಆಗದಂತಾಯಿತು. ಕೃತ್ಯವೂ ಪರ್ಯಾಯವೂ ಒಂದಕ್ಕೊಂದು ಹೊಂದಿದ್ದ ಕಡೆ ಮತ ಕೆಲಸ ಮಾಡಿತು. ವ್ಯಕ್ತಿಯ ಮೇಲಿನ ವಿರೋಧವೊಂದೇ ಅಂಟಾಗಿದ್ದ ಕಡೆ ಅದೇ ಪಕ್ಷ ಬಿರುಕು ಬಿಟ್ಟಿತು, 1979ರ ಜುಲೈನಲ್ಲಿ ಸರ್ಕಾರ ಬಿತ್ತು, 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಭಾರಿ ಬಹುಮತದೊಡನೆ ಮರಳಿದರು. ಜರ್ಮನಿಯವರು ತಮ್ಮ ಸಂವಿಧಾನದಲ್ಲಿ ಇದಕ್ಕೊಂದು ಕಟ್ಟುಪಾಡನ್ನೇ ಬರೆದಿಟ್ಟಿದ್ದಾರೆ. ಅಲ್ಲಿನ ಸಂಸತ್ತು ಚಾನ್ಸಲರ್ ಮೇಲೆ ಬರೀ ಅವಿಶ್ವಾಸ ಹೇಳಿ ಎದ್ದು ಹೋಗುವಂತಿಲ್ಲ. ಅವರ ಜಾಗಕ್ಕೆ ಇನ್ನೊಬ್ಬರನ್ನು ಅದೇ ಮತದಲ್ಲಿ ಆರಿಸಬೇಕು. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದದ್ದು ಹಾಗೆ. ಬೇಡ ಎನ್ನುವುದಕ್ಕೆ ಎಲ್ಲರೂ ಒಟ್ಟಾಗುವುದು ಸುಲಭ, ಬೇಕು ಎನ್ನುವಾಗ ಒಡೆಯುತ್ತಾರೆ ಎಂಬುದನ್ನು ಎರಡು ಮಹಾಯುದ್ಧಗಳ ನಡುವಿನ ಅಸ್ಥಿರ ಸರ್ಕಾರಗಳು ಅವರಿಗೆ ಕಲಿಸಿದ್ದವು.

ಇನ್ನೊಂದು ಆಕ್ಷೇಪ ಹೀಗಿದೆ: ನಾಯಕನ ಸ್ವಭಾವವೇ ಆಡಳಿತದ ಅರ್ಧ ಭಾಗ; ಸ್ವಭಾವ ಹಿಡಿಸದಿದ್ದರೆ ಅದು ಕಾರಣವಲ್ಲವೇ? ಖಂಡಿತ ಕಾರಣ, ಆ ಸ್ವಭಾವ ಕೆಲಸದಲ್ಲಿ ಕಾಣಿಸಿಕೊಂಡಾಗ. ಅಧಿಕಾರಿಗಳ ಮಾತನ್ನು ಕೇಳದ, ಸದನಕ್ಕೆ ಉತ್ತರ ಕೊಡದ, ಪ್ರಶ್ನೆ ಕೇಳಿದವರ ಮೇಲೆ ಕೇಸು ಹಾಕಿಸುವ ನಾಯಕರ ಮೇಲಿನ ಅಸಮಾಧಾನ ಸಾರ್ವಜನಿಕ ಹಿತದ ಅಸಮಾಧಾನ. ಮಾತಿನ ಧಾಟಿ, ಉಡುಗೆ, ಜಾತಿ, ಹುಟ್ಟಿದ ಮನೆ, ಟಿವಿಯಲ್ಲಿ ಕಂಡ ಮುಖಭಾವ ಇವುಗಳಿಂದ ಬಂದ ತಿರಸ್ಕಾರ ಬೇರೆ ಬಗೆಯದು. ಎರಡೂ ಮನಸ್ಸಿನೊಳಗೆ ಒಂದೇ ರುಚಿಯಲ್ಲಿ ಇರುತ್ತವೆ ಎಂಬುದೇ ಕಷ್ಟ. ಬಿಡಿಸಿಕೊಳ್ಳಲು ಒಂದು ಉಪಾಯ ಇದೆ. ನಮಗೆ ಇಷ್ಟವಾದ ನಾಯಕರು ಇದೇ ಕೆಲಸ ಮಾಡಿದ್ದರೆ ನಾವು ಏನು ಹೇಳುತ್ತಿದ್ದೆವು ಎಂದು ಕೇಳಿಕೊಳ್ಳುವುದು. ಪಕ್ಷಾಂತರ, ಕುಟುಂಬದವರಿಗೆ ಟಿಕೆಟ್, ಗುತ್ತಿಗೆಯಲ್ಲಿ ಕಮಿಷನ್, ಜಾತಿ ಸಮಾವೇಶದಲ್ಲಿ ಹಂಚಿದ ಭರವಸೆ ಇವನ್ನು ಒಬ್ಬರಲ್ಲಿ ಮನ್ನಿಸಿ ಇನ್ನೊಬ್ಬರಲ್ಲಿ ಮನ್ನಿಸದಿದ್ದರೆ, ನಮ್ಮ ತಕರಾರು ಕೆಲಸದ ಮೇಲಲ್ಲ.

ಎದುರಾಳಿ ಎಂದರೆ ಯಾರು ಎಂಬುದೂ ಕಾಣುವಷ್ಟು ಸರಳವಾಗಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿ ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರ ಜೀವ ಹೋಯಿತು. ರಾಜ್ಯದಲ್ಲಿ ಬಿಜೆಪಿ ಸರ್ಕಾರ ಬಂದು ಎರಡು ವಾರವೂ ಆಗಿರಲಿಲ್ಲ. ದಿಲ್ಲಿಯಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ ಇತ್ತು. ಗೊಬ್ಬರದ ಹಂಚಿಕೆ ಕೇಂದ್ರದ್ದು, ಊರೂರಿಗೆ ಮುಟ್ಟಿಸುವುದು ರಾಜ್ಯದ್ದು. ಕೇಂದ್ರ ಕೊಡಲಿಲ್ಲ ಎಂದು ಇವರು, ಕೊಟ್ಟದ್ದನ್ನು ಹಂಚಲಿಲ್ಲ ಎಂದು ಅವರು. ಆ ಸಾವಿನ ಸಿಟ್ಟನ್ನು ಹೊತ್ತ ರೈತ ಯಾರ ವಿರುದ್ಧ ಮತ ಹಾಕಬೇಕಿತ್ತು? ಬೆಂಗಳೂರಿನ ವಿರೋಧ ಪಕ್ಷವೇ ದಿಲ್ಲಿಯ ಆಡಳಿತ ಪಕ್ಷ. 2023ರ ಬರದಲ್ಲೂ ಇದೇ ಆಯಿತು, ಪಾತ್ರಗಳು ಮಾತ್ರ ತಿರುವುಮುರುವಾಗಿದ್ದವು. ರಾಜ್ಯ ಸರ್ಕಾರ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಪರಿಹಾರದ ಹಣಕ್ಕಾಗಿ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಹಣ ಬಂತು. ಗೋವಿನಜೋಳದ ದರ ಬಿದ್ದಾಗಲೂ ಹಾವೇರಿಯ ರೈತರ ಮುಂದೆ ಇರುವುದು ಇದೇ ಗೊಂದಲ: ಬೆಂಬಲ ಬೆಲೆ ಸಾರುವುದು ಕೇಂದ್ರ, ಖರೀದಿ ಕೇಂದ್ರ ತೆರೆಯಲು ಮುಂದಾಗಬೇಕಾದದ್ದು ರಾಜ್ಯ. ಮಳೆ ಬಾರದ್ದಕ್ಕೆ ಯಾವ ಸರ್ಕಾರವೂ ಹೊಣೆಯಲ್ಲ. ಪರಿಹಾರ ತಡವಾದದ್ದಕ್ಕೆ ಹೊಣೆ ಇದೆ, ಆ ತಡ ಯಾವ ಮೇಜಿನ ಮೇಲೆ ಆಯಿತು ಎಂದು ಹುಡುಕುವ ಕಷ್ಟ ತೆಗೆದುಕೊಳ್ಳದೆ ಯಾರನ್ನೋ ಕೆಡವಿದರೆ ಆ ಮೇಜಿನವರು ನಿಶ್ಚಿಂತರಾಗಿ ಉಳಿಯುತ್ತಾರೆ. ಚುನಾವಣೆಯ ನಂತರದ ಮೈತ್ರಿಗಳು ಇದನ್ನು ಇನ್ನೂ ಕಗ್ಗಂಟು ಮಾಡುತ್ತವೆ. 2018ರಲ್ಲಿ ಕಾಂಗ್ರೆಸ್ ಬೇಡವೆಂದು ಜೆಡಿಎಸ್‌ಗೆ ಮತ ಹಾಕಿದವರು ಎರಡು ವಾರ ಕಳೆಯುವುದರೊಳಗೆ ಆ ಎರಡೂ ಪಕ್ಷಗಳ ಸರ್ಕಾರವನ್ನು ಕಂಡರು. 2023ರ ಮೇನಲ್ಲಿ ಬಿಜೆಪಿಯೂ ಬೇಡವೆಂದು ಅದೇ ಜೆಡಿಎಸ್‌ಗೆ ಹಾಕಿದವರು ಸೆಪ್ಟೆಂಬರ್‌ನಲ್ಲಿ ಅದು ಎನ್‌ಡಿಎ ಸೇರುವುದನ್ನು ಕಂಡರು.

ಹಾಗಾದರೆ ಒಳ್ಳೆಯ ಕಾರಣಕ್ಕೆ ವಿರೋಧಿಗೆ ಹಾಕಿದ ಮತ ಹೇಗಿರುತ್ತದೆ? ಶಿಗ್ಗಾಂವಿಯನ್ನು ನೋಡಬಹುದು. 2023ರಲ್ಲಿ ರಾಜ್ಯವೆಲ್ಲ ಬಿಜೆಪಿ ಸರ್ಕಾರದ ವಿರುದ್ಧ ತಿರುಗಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟಿತು. ಹಾವೇರಿ ಜಿಲ್ಲೆಯ ಆರರಲ್ಲಿ ಐದು ಕ್ಷೇತ್ರ ಕಾಂಗ್ರೆಸ್ಸಿಗೆ ಹೋದವು. ಆ ಸರ್ಕಾರದ ಮುಖ್ಯಮಂತ್ರಿಯ ಸ್ವಂತ ಕ್ಷೇತ್ರ ಮಾತ್ರ ಅವರನ್ನು 35,978 ಮತಗಳಿಂದ ಗೆಲ್ಲಿಸಿತು. 2008ರಿಂದ ನಾಲ್ಕು ಸಲ ಆರಿಸಿದ ಶಾಸಕರ ಕೆಲಸದ ಲೆಕ್ಕ ಅಲ್ಲಿನವರಿಗೆ ಬೇರೆಯಾಗಿಯೇ ಇತ್ತು. ಬೊಮ್ಮಾಯಿಯವರು 2024ರಲ್ಲಿ ಹಾವೇರಿಯಿಂದ ಲೋಕಸಭೆಗೆ ಹೋದರು. ನವೆಂಬರ್ 13ರ ಉಪಚುನಾವಣೆಯಲ್ಲಿ ಅವರ ಮಗ ಭರತ ಬೊಮ್ಮಾಯಿ ನಿಂತಾಗ, ಹಿಂದಿನ ಸಲ ಸೋತಿದ್ದ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣರು 13,448 ಮತಗಳಿಂದ ಗೆದ್ದರು. ಶಿಗ್ಗಾಂವಿ, ಸವಣೂರಿನವರಿಗೆ ಆ ಮನೆತನದ ಮೇಲೆ ಒಂದೂವರೆ ವರ್ಷದಲ್ಲಿ ದ್ವೇಷ ಹುಟ್ಟಿತು ಎಂದು ಯಾರೂ ಹೇಳಲಾರರು. ತಂದೆಗೆ ಕೊಟ್ಟದ್ದು ಮಗನಿಗೂ ತಾನಾಗಿಯೇ ಸಲ್ಲುತ್ತದೆ ಎಂಬುದನ್ನು ಒಪ್ಪದವರು ಇದ್ದರು. ರಾಜ್ಯದಲ್ಲಿ ಆಳುತ್ತಿದ್ದ ಪಕ್ಷದ ಶಾಸಕರು ಬೇಕು ಎಂದವರು ಇದ್ದರು. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಮನೆಗೆ ಬರುತ್ತಿದ್ದುದನ್ನು ನೋಡಿದ ಹೆಣ್ಣುಮಕ್ಕಳೂ ಇದ್ದರು. ಗ್ಯಾರಂಟಿಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, 2023ರಲ್ಲಿ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಬರೀ ಕಮಿಷನ್ ಆರೋಪ ಹಿಡಿದು ಬರದೆ, ಎಣಿಸಿ ನೋಡಬಹುದಾದ ಐದು ಮಾತುಗಳನ್ನು ಮುಂದಿಟ್ಟಿತ್ತು. ಆ ಮಾತುಗಳನ್ನು ಆಮೇಲೆ ಪರೀಕ್ಷಿಸಲು ಆಯಿತು. ಬಸ್ಸಿನ ಶಕ್ತಿ ಯೋಜನೆ ಜೂನ್ 11ಕ್ಕೇ ಶುರುವಾಯಿತು. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಹೊಂದದೆ ಬಹುಕಾಲ ತಲೆಗೆ 170 ರೂಪಾಯಿ ಕೊಡಬೇಕಾಯಿತು. ಈಡೇರಿದ್ದು ಎಷ್ಟು, ತಪ್ಪಿದ್ದು ಎಷ್ಟು ಎಂದು ದುಂಡಸಿಯ ಯಾವ ಮನೆಯವರೂ ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟುಕೊಂಡು ಹೇಳಬಲ್ಲರು.

ಎರಡೂ ಕಡೆಯವರು ಒಂದೇ, ಆರಿಸುವುದಕ್ಕೆ ಏನೂ ಇಲ್ಲ ಎನ್ನುವವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಿರೇಕೆರೂರಿನಂಥ ಕಡೆ ಅದಕ್ಕೆ ಆಧಾರ ಇದೆ. ಅವರಿಗಾಗಿ 2013ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಬಂತು. ಆದರೆ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರು ಗೆದ್ದಂತೆಯೇ. ಅದು ಬೇಸರವನ್ನು ದಾಖಲಿಸುತ್ತದೆ, ಫಲಿತಾಂಶವನ್ನು ಬದಲಿಸುವುದಿಲ್ಲ. ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳ ಕ್ಷೇತ್ರದಲ್ಲಿ 555ರ ಅಂತರ ಎಂದರೆ ಮತಗಟ್ಟೆಗೆ ಎರಡೋ ಮೂರೋ ಮತ. ಅಂಥ ಕಡೆ ಕಡಿಮೆ ಕೆಟ್ಟವರನ್ನು ಆರಿಸುವುದು ಹೇಡಿತನವಲ್ಲ, ಲೆಕ್ಕದ ಕೆಲಸ. ಆ ಲೆಕ್ಕಕ್ಕೂ ಇಬ್ಬರ ಕೆಲಸವನ್ನೂ ಒಂದೇ ಅಳತೆಯಲ್ಲಿ ತೂಗಬೇಕು. ಒಬ್ಬರ ಮೇಲಿನ ಅಸಹ್ಯ ಇನ್ನೊಬ್ಬರ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ನಿಜವಾದ ಆಯ್ಕೆ ಇದಕ್ಕೂ ಮೊದಲೇ, ಟಿಕೆಟ್ ಹಂಚುವಾಗ ನಡೆದುಹೋಗಿರುತ್ತದೆ. ಅಲ್ಲಿ ಊರಿನವರ ಮಾತಿಗೆ ಬೆಲೆ ಬರಬೇಕಾದರೆ, ಕೆಡವುತ್ತೇವೆ ಎಂಬ ಬೆದರಿಕೆಗಿಂತ ಇಂಥವರನ್ನು ನಿಲ್ಲಿಸಿದರೆ ಬೆಂಬಲಿಸುತ್ತೇವೆ ಎಂಬ ಮಾತು ಮೊದಲೇ ಪಕ್ಷಗಳಿಗೆ ಮುಟ್ಟಬೇಕು.

ಅಷ್ಟು ಬೇಸರ ವಿಧಾನಸಭೆಯ ಒಂದು ಮತದ ಮೇಲೆ ಏಕೆ ಬಂದು ಬೀಳುತ್ತದೆ ಎಂದೂ ಕೇಳಬೇಕು. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯ್ತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ಆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಆಗಿನ ಬಿಜೆಪಿ ಸರ್ಕಾರ ಚುನಾವಣೆಯನ್ನು ಮುಂದೂಡಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರದಲ್ಲೂ ಅದು ವರ್ಷಗಟ್ಟಲೆ ನಡೆಯಲಿಲ್ಲ. ಶಾಲೆಯ ಕೋಣೆ, ಕುಡಿಯುವ ನೀರು, ಹೊಲದ ರಸ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಇವುಗಳ ದೂರನ್ನು ಶಿಗ್ಗಾಂವಿ ತಾಲೂಕು ಪಂಚಾಯ್ತಿಯಲ್ಲಿ ಎತ್ತಬೇಕಾದ ಚುನಾಯಿತ ಸದಸ್ಯರ ಕುರ್ಚಿಗಳು ಖಾಲಿಯಾಗಿ, ಆಡಳಿತಾಧಿಕಾರಿಗಳೇ ಎಲ್ಲವನ್ನೂ ನಡೆಸುವಂತಾಯಿತು. ಗ್ರಾಮ ಪಂಚಾಯ್ತಿಗೂ ವಿಧಾನಸೌಧಕ್ಕೂ ನಡುವೆ ಜನರ ಮಾತು ಕೇಳಬೇಕಾದ ಎರಡು ಮೆಟ್ಟಿಲುಗಳನ್ನು ತೆಗೆದುಹಾಕಿದರೆ, ಚರಂಡಿಯ ಸಿಟ್ಟೂ ಮುಖ್ಯಮಂತ್ರಿಯ ಸಿಟ್ಟಾಗಿ ಹೊರಬರುತ್ತದೆ. ಈ ಒಂದು ವಿಷಯದಲ್ಲಿ ಆಳುವವರನ್ನು ಕೆಡವಿ ನೋಡಿದ್ದಾಯಿತು. ಬಂದವರೂ ಅದನ್ನೇ ಮಾಡಿದರು. ಮುಂದಿನ ಸಲ ದುಂಡಸಿಗೆ ಮತ ಕೇಳಲು ಬರುವ ಎರಡೂ ಪಕ್ಷದವರಿಗೆ, ಯಾರನ್ನು ಕೆಡವಬೇಕು ಎಂದು ತೀರ್ಮಾನಿಸುವ ಮುಂಚೆ, ಜಿಲ್ಲಾ ಪಂಚಾಯ್ತಿಗೆ ಚುನಾವಣೆಯನ್ನು ಅವಧಿ ಮುಗಿಯುವ ಮೊದಲೇ ನಡೆಸುತ್ತೀರಾ ಎಂದು ಕೇಳಿ, ತಾರೀಖಿನ ಸಮೇತ ಉತ್ತರ ಬರೆದಿಟ್ಟುಕೊಳ್ಳಬಹುದು.